ಮುಚ್ಚಳಕ್ಕೆ ಕಟ್ಟಿದ ಕಡಲೆಕಾಯಿ

ಅಕ್ಕಿರೊಟ್ಟಿಯ ತುತ್ತು ಬಾಯಿಗೆ ಹೋಗುವ ಮೊದಲೇ ಗೌರಕ್ಕ ನನ್ನ ತಟ್ಟೆ ಕಿತ್ತುಕೊಂಡರು. “ತಿನ್ಬ್ಯಾಡ ಕಣವ್ವ! ಕಾಯಿ ಸಾಲ್ದೆ ಚಟ್ನಿಗೆ ಕಡ್ಲೆಬೀಜ ಹಾಕ್ಬುಟ್ಟಿದೀನಿ.”

ಆಲೂರು ಬಸ್ ನಿಲ್ದಾಣದ ಪಕ್ಕ ಅವರದು ಸಣ್ಣ ಹೋಟೆಲು. ತೊಂಬತ್ತರ ದಶಕದ ಕೊನೆಯಲ್ಲಿ ಹಾಸನದ ಕಾಲೇಜಿಗೆ ಹೋಗುವಾಗ ನನ್ನ ಬೆಳಗಿನ ತಿಂಡಿ ಅಲ್ಲೇ. ಕಡಲೆಬೀಜ ತಿಂದರೆ ನನಗೆ ಗಂಟಲು ಬಿಗಿದು ಉಸಿರು ಕಟ್ಟುತ್ತದೆ. ಅದನ್ನು ಅವರಿಗೆ ಒಮ್ಮೆ ಮಾತ್ರ, ಮೆಲ್ಲಗೆ ಹೇಳಿದ್ದೆ.

ಮರುದಿನ ಒಲೆಯ ಪಕ್ಕ ಎರಡು ಚಟ್ನಿ ಪಾತ್ರೆಗಳಿದ್ದವು. ಒಂದರ ಮುಚ್ಚಳದ ಹಿಡಿಗೆ ಸಿಪ್ಪೆ ಸಮೇತ ಒಂದು ಕಡಲೆಕಾಯಿಯನ್ನು ದಾರದಲ್ಲಿ ಕಟ್ಟಿದ್ದರು.

“ಏನ್ ಗೌರಕ್ಕ, ಚಟ್ನಿಗೂ ದೃಷ್ಟಿ ಆಯ್ತದಾ?” ಎಂದು ಬಸ್ಸಿನ ಕಂಡಕ್ಟರ್ ನಕ್ಕರು.

“ದೃಷ್ಟಿಗಲ್ಲ ಕಣಪ್ಪ, ಇದು ಬೋರ್ಡು. ನಂಗೆ ಬರೆಯಕ್ಕೆ ಬರಾಕಿಲ್ಲ. ನಾನಿಲ್ದಾಗ ಬಡ್ಸೋರ್ಗೂ ಗೊತ್ತಾಗ್ಲಿ ಅಂತ.”

ಈಗ ಆ ಹೋಟೆಲಿಲ್ಲ. ಅಂಗಡಿಯಲ್ಲಿ ಬಿಸ್ಕತ್ ಪೊಟ್ಟಣ ತಿರುಗಿಸಿ, ಹಿಂದಿನ ಸಣ್ಣ ಅಕ್ಷರಗಳಲ್ಲಿ ಕಡಲೆಬೀಜವನ್ನು ಹುಡುಕುವಾಗ ಆ ದಾರ ನೆನಪಾಗುತ್ತದೆ. ಮೂರು ವರ್ಷ ಗೌರಕ್ಕನ ಕೈಯಡುಗೆ ತಿಂದೆ. ಆ ದಿನದ ನಂತರ ಚಟ್ನಿಯಲ್ಲಿ ಏನಿದೆ ಎಂದು ಒಮ್ಮೆಯೂ ಬಾಯಿಬಿಟ್ಟು ಕೇಳಬೇಕಾಗಲಿಲ್ಲ.