ಮೇಸ್ತ್ರಿ ಕೂಗಿದ ಒಂದು ಮಾತು

ಆಗ ನನಗೆ ಅರವತ್ತೆಂಟು. ನಡೆದು ಮೂರು ವರ್ಷವಾಯಿತು. ನನ್ನ ಮಗ ಒಬ್ಬ ಮನುಷ್ಯನ ದವಡೆ ಮುರಿದ. ನಾನು ಆರು ಮಾರು ದೂರದಲ್ಲಿ ಉಪ್ಪಿನ ಡಬ್ಬಿಯೊಳಗೆ ಕೈ ಹಾಕಿಕೊಂಡು ನಿಂತಿದ್ದೆ.

ಮಗನದು ಮನೆ ಕಟ್ಟುವ ಕಂಪನಿ. ಕಂಪನಿ ಎಂದರೆ ಎರಡು ಟ್ರಕ್ಕು, ಒಂದು ಲೈಸೆನ್ಸು, ಒಬ್ಬ ಮೇಸ್ತ್ರಿ, ಆ ಮೇಸ್ತ್ರಿ ಕರೆದರೆ ಬರುವ ಏಳು ಆಳು. ಮೊದಲು ಲಾಸ್ ಏಂಜಲೀಸ್ ಕಡೆ ಗ್ಲೆಂಡೇಲ್‌ನಲ್ಲಿ ಶುರು ಮಾಡಿದ್ದ. ಅಲ್ಲಿ ಒಂದು ದಿನ ಒಬ್ಬ ಆಳಿನ ಮೇಲೆ ಸುತ್ತಿಗೆ ಎಸೆದ. ಸುತ್ತಿಗೆ ಅವನಿಗೆ ತಗಲಲಿಲ್ಲ, ಹಿಂದಿದ್ದ ಹೊಸ ಕಿಟಕಿಗೆ ತಗಲಿತು. ಊಟದ ಹೊತ್ತಿಗೆ ಸೈಟು ಖಾಲಿ. ಮಾರನೆಯ ದಿನ ಯಾರೂ ಬರಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಆ ಊರಿನಲ್ಲಿ ಇವನ ಹೆಸರು ಕೇಳಿದರೆ ಆಳುಗಳು ಫೋನು ಇಟ್ಟುಬಿಡುತ್ತಿದ್ದರು. ಉಳಿದವನು ಆ ಮೇಸ್ತ್ರಿಯೊಬ್ಬನೇ. ಸ್ಯಾನ್ ಡಿಯಾಗೊಗೆ ನಾವು ಬಂದಾಗ ಅವನೂ ಬಂದ, ಬೇರೆ ಏಳು ಜನರನ್ನು ಕಟ್ಟಿಕೊಟ್ಟ. ಅವನು ಇದ್ದರೆ ಕಂಪನಿ, ಇಲ್ಲದಿದ್ದರೆ ಬಾಗಿಲಿನ ಮೇಲೆ ಹೆಸರು ಬರೆದ ಎರಡು ಟ್ರಕ್ಕು ಅಷ್ಟೆ.

ಮೇಸ್ತ್ರಿ ಮೆಕ್ಸಿಕೊದವನು. ಗಿಡ್ಡ ಆಳು, ಭುಜ ಮಾತ್ರ ಎತ್ತಿನ ಭುಜ. ಅವನ ಇಂಗ್ಲಿಷು ನನ್ನ ಇಂಗ್ಲಿಷಿನಷ್ಟೇ, ಹಾಗಾಗಿ ನಮ್ಮಿಬ್ಬರಿಗೂ ಚೆನ್ನಾಗಿ ಮಾತು ನಡೆಯುತ್ತಿತ್ತು. ನಾನು ದಿನಾ ಮಗನ ಜೊತೆ ಸೈಟಿಗೆ ಹೋಗುತ್ತಿದ್ದೆ. ಮನೆಯಲ್ಲಿ ಸುಮ್ಮನೆ ಕೂತು ನನಗೆ ಅಭ್ಯಾಸವಿಲ್ಲ. ಮೈಸೂರಿನಲ್ಲಿ ಇಪ್ಪತ್ತಾರು ವರ್ಷ ಗಾರೆ ಬಾಂಡ್ಲಿ ಹೊತ್ತವಳು. ಟ್ರಕ್ಕಿನ ಹಿಂದೆ ಗ್ಯಾಸ್ ಒಲೆ ಇಟ್ಟುಕೊಂಡು ಎಂಟು ಜನಕ್ಕೂ ಅಡುಗೆ ಮಾಡುತ್ತಿದ್ದೆ. ನನ್ನ ಅಡುಗೆಗೆ ಉಪ್ಪು ಸಾಲದು ಎಂದು ಅವರ ದೂರು. ತಟ್ಟೆ ಹಿಡಿದು “ಸಾಲ್, ಸಾಲ್” ಅನ್ನುತ್ತಿದ್ದರು. ಅವರ ಭಾಷೆಯಲ್ಲಿ ಸಾಲ್ ಎಂದರೆ ಉಪ್ಪು. ನಾನು ಕಲಿತ ಮೊದಲ ಸ್ಪ್ಯಾನಿಷ್ ಮಾತು ಅದು.

ನನ್ನ ಮಗನಿಂದ ಅವರು ಕಲಿತದ್ದು ಬೇರೆ ಮಾತು. ಬಾಯಿ ತೆರೆದರೆ ಸಾಲಾ. ಸುತ್ತಿಗೆ ಕೊಡೋ ಸಾಲಾ, ಇದೇನೋ ಸೊಟ್ಟ ಗೋಡೆ ಸಾಲಾ. ನಮ್ಮ ಮನೆಮಾತು ಉರ್ದುವಿನಲ್ಲಿ ಸಾಲಾ ಎಂದರೆ ಹೆಂಡತಿಯ ತಮ್ಮ. ಬೈಗುಳವಾಗಿ ಅಂದರೆ, ನಿನ್ನ ಅಕ್ಕ ನನ್ನ ಹಾಸಿಗೆಯಲ್ಲಿದ್ದಾಳೆ ಎಂದು. ಅವನಪ್ಪನೂ ಮೈಸೂರಿನಲ್ಲಿ ಆಳುಗಳನ್ನು ಹಾಗೇ ಕರೆಯುತ್ತಿದ್ದ, ಕರೆದು ಮಟ್ಟಗೋಲಿನಲ್ಲಿ ಬಾರಿಸುತ್ತಿದ್ದ, ನನಗೂ ಬಾರಿಸಿದ್ದಾನೆ. ಸ್ಪ್ಯಾನಿಷಿನಲ್ಲಿ ಸಾಲಾ ಎಂದರೆ ಮನೆಯ ಹಾಲ್ ಅಂತೆ. ಮೊದಮೊದಲು ಮಗ ಹಾಗೆ ಕಿರುಚಿದಾಗ ಮೇಸ್ತ್ರಿ ಪಾಪ ಹಾಲ್ ಕಡೆ ನೋಡುತ್ತಿದ್ದ. ಆಮೇಲೆ ಗೊತ್ತಾಯಿತು. ಗೊತ್ತಾದ ಮೇಲೆ ಆಳುಗಳು ತಮ್ಮತಮ್ಮಲ್ಲೇ ಸಾಲಾ ಸಾಲಾ ಎಂದು ಕರೆದುಕೊಂಡು ನಗುತ್ತಿದ್ದರು. ಮಗನಿಗೆ ಅದು ಉರಿಯುತ್ತಿತ್ತು.

“ನನ್ ಮಾತು ನಂಗೇ ತಿರುಗಿಸ್ತಾರೆ, ನೋಡಮ್ಮ.”

“ನೀನು ಕೊಟ್ಟಿದ್ದು, ಅವ್ರು ಇಟ್ಕೊಂಡಿದ್ದು. ಬೇಡಾಂದ್ರೆ ಕೊಡಬ್ಯಾಡ.”

ಸೈಟಿನಲ್ಲಿ ನಾವಿಬ್ಬರೂ ಕನ್ನಡವೇ ಆಡುತ್ತಿದ್ದುದು. ಮನೆಯೊಳಗೆ ಉರ್ದು. ಇಟ್ಟಿಗೆ, ಗಾರೆ, ಪಾಯದ ಮಾತೆಲ್ಲ ನಮಗೆ ಕನ್ನಡದಲ್ಲೇ ಬರುವುದು.

ಆ ಸಲ ಸ್ಯಾನ್ ಡಿಯಾಗೊದ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ಕೆಲಸ. ಬೆಂಗಳೂರಿನ ಗಂಡ ಹೆಂಡತಿ, ಇಬ್ಬರೂ ಆಫೀಸಿನವರು, ಹಿತ್ತಿಲಿನಲ್ಲಿ ಒಂದು ಸಣ್ಣ ಮನೆ ಕಟ್ಟಿಸುತ್ತಿದ್ದರು. ಆ ವರ್ಷ ಮಳೆ ವಿಪರೀತ. ಕಕ್ಕಸಿನ ಪೈಪಿಗೆಂದು ತೋಡಿದ ಉದ್ದದ ಗುಂಡಿಯಲ್ಲಿ ಮೇಸ್ತ್ರಿ ಇಳಿದರೆ ತಲೆ ಕಾಣುತ್ತಿರಲಿಲ್ಲ. ಅಷ್ಟು ಆಳ ತೋಡಿದರೆ ಮಣ್ಣು ಕುಸಿಯದ ಹಾಗೆ ಎರಡೂ ಪಕ್ಕಕ್ಕೆ ಹಲಗೆ ಆನಿಸಿ ನಡುವೆ ಜಾಕ್ ಕೊಡಬೇಕು, ಇಲ್ಲಿನ ಕಾನೂನು ಹಾಗೆ. ಹಲಗೆ ಬಾಡಿಗೆಗೆ ಕೊಡುವವರು ನಾಳೆ ಎಂದರು. ಪೈಪು ನೋಡಲು ಸಿಟಿಯ ಇನ್ಸ್‌ಪೆಕ್ಟರ್ ಬರುವುದು ಅದೇ ಮಧ್ಯಾಹ್ನ ಎರಡಕ್ಕೆ. ತಪ್ಪಿದರೆ ಮತ್ತೆ ಹದಿನೈದು ದಿನ ಕಾಯಬೇಕು. ಅಷ್ಟರಲ್ಲಿ ಆಳುಗಳು ಬೇರೆಯವರ ಕೆಲಸಕ್ಕೆ ಹೋಗಿಬಿಡುತ್ತಾರೆ.

ಬೆಳಿಗ್ಗೆ ಮೇಸ್ತ್ರಿ ಗುಂಡಿಯ ಅಂಚಿನ ಮಣ್ಣನ್ನು ಹಿಡಿಯಲ್ಲಿ ಹಿಂಡಿದ. ಬೆರಳ ಸಂದಿಯಿಂದ ನೀರು ಬಂತು.

“ನೋ ಬೋರ್ಡ್, ನೋ ಗೋ, ಬಾಸ್,” ಎಂದ.

ಮಗ ಬೈದ. ಮೇಸ್ತ್ರಿಯ ಹೆಂಡತಿಯನ್ನು ಬೈದ, ಅವನ ತಾಯಿಯನ್ನು ಬೈದ. ಮೇಸ್ತ್ರಿ ಕೈಕಟ್ಟಿ ನಿಂತ. ಏಳು ಜನರೂ ಅವನ ಹಿಂದೆ ಕೈಕಟ್ಟಿ ನಿಂತರು. ಆಗ ಮಗ ಉದ್ದ ಹಿಡಿಯ ಸಲಿಕೆ ತೆಗೆದುಕೊಂಡು ಏಣಿ ಇಳಿದ. ನೀವು ಹೆಂಗಸರು, ನಾನೇ ಮಾಡುತ್ತೇನೆ ಎಂದು ತೋರಿಸುವುದಕ್ಕೆ.

“ಲೇ, ಮೇಲೆ ಬಾ. ಮಣ್ಣು ನೀರು ಕುಡ್ದಿದೆ,” ಎಂದೆ.

“ನೀನು ಒಲೆ ನೋಡ್ಕೊ ಹೋಗಮ್ಮ.”

ಒಲೆ ನೋಡಿಕೊಂಡೆ. ಕುಷ್ಕ ಮಾಡಿದೆ. ಬಡಿಸುವ ಹೊತ್ತಿಗೂ ಅವನು ಒಳಗೇ ಇದ್ದ. ಆಳುಗಳು ತಟ್ಟೆ ಹಿಡಿದು ನಿಂತಿದ್ದರು. ಮೇಸ್ತ್ರಿ ಮಾತ್ರ ಉಣ್ಣದೆ ಗುಂಡಿಯ ತಲೆಯ ಕಡೆ ಕೂತು ಮಣ್ಣನ್ನೇ ನೋಡುತ್ತಿದ್ದ. ಇದ್ದಕ್ಕಿದ್ದಂತೆ ಎದ್ದು ನಿಂತು ಕೂಗಿದ.

“ಸಾಲ್! ಸಾಲ್ ಅವೋರಾ! ಸಾಲ್, ಸಾಲ್, ಸಾಲ್!”

ನಾನು ಉಪ್ಪಿನ ಡಬ್ಬಿಗೆ ಕೈ ಹಾಕಿದೆ. ತಿನ್ನುವ ಮೊದಲೇ ಉಪ್ಪು ಕೇಳುತ್ತಾನಲ್ಲ ಎಂದುಕೊಂಡೆ.

ಮಗನಿಗೆ ಕೇಳಿಸಿದ್ದು ಸಾಲಾ. ತನ್ನದೇ ಬೈಗುಳ, ಏಳು ಜನರ ಎದುರು, ತಲೆಯ ಮೇಲೆ ನಿಂತು. ಏಣಿಯನ್ನು ನಾಲ್ಕು ಹೆಜ್ಜೆಗೆ ಹತ್ತಿ ಬಂದ, ಕೈಯಲ್ಲಿ ಸಲಿಕೆ. ಮೇಸ್ತ್ರಿ ಅವನ ತೋಳು ಹಿಡಿದು ಅಂಚಿನಿಂದ ಆಚೆ ಎಳೆದ. ಅದನ್ನೂ ಇವನು ಜಗಳವೆಂದುಕೊಂಡ. ಸಲಿಕೆ ತಿರುಗಿಸಿ ಹಿಡಿಯಿಂದ ಬೀಸಿದ. ಒಣಸೌದೆ ಮುರಿದ ಹಾಗೆ ಸದ್ದಾಯಿತು. ಮೇಸ್ತ್ರಿಯ ಮುಖದ ಕೆಳಭಾಗ ಒಂದು ಕಡೆಗೆ ಹೋಯಿತು, ಕಣ್ಣು ಇನ್ನೊಂದು ಕಡೆ ಉಳಿಯಿತು. ಬಿದ್ದ. ಬಿದ್ದವನ ಭುಜಕ್ಕೆ ಇನ್ನೊಂದು. ಮೂರನೆಯದಕ್ಕೆ ಕೈ ಎತ್ತಿದ್ದಾಗ ನೆಲ ಹಂದಿಯ ಹಾಗೆ ಗುಟುರು ಹಾಕಿತು.

ಗುಂಡಿ ಕೂಡಿಕೊಂಡಿತು. ಒಂದು ಕಡೆಯ ಮಣ್ಣು ಹಾಗೇ ಮಗ್ಗುಲಾಯಿತು. ಏಣಿಯ ಮೇಲಿನ ಎರಡು ಮೆಟ್ಟಿಲು ಮಾತ್ರ ಕಾಣುತ್ತಿದ್ದವು. ಅವನು ನಿಂತಿದ್ದ ಜಾಗ, ಪೈಪು, ಬೆಳಗಿನಿಂದ ಮಾಡಿದ ಕೆಲಸ, ಒಂದೂ ಇರಲಿಲ್ಲ.

ಆಳುಗಳು ಅದನ್ನು ನೋಡಲು ನಿಲ್ಲಲಿಲ್ಲ. ಇಬ್ಬರು ಮಗನ ಕೈ ಹಿಡಿದರು, ಮೂವರು ಹೊಡೆದರು. ಹೊಟ್ಟೆಗೆ, ಮೂಗಿಗೆ, ಬಿದ್ದ ಮೇಲೆ ಬೂಟಿನಲ್ಲಿ ಪಕ್ಕೆಗೆ. ನಾನು ಬಿಡಿಸಲು ಹೋಗಲಿಲ್ಲ. ಅವರಲ್ಲಿ ಎಲ್ಲರಿಗಿಂತ ವಯಸ್ಸಾದವನು ಬಂದು ನಿಲ್ಲಿಸಿದ. ಮಗನ ಕೂದಲು ಹಿಡಿದು ಮುಖವನ್ನು ಗುಂಡಿಯ ಕಡೆಗೆ ತಿರುಗಿಸಿದ.

“ಹಿ ಸೇ ಗೆಟ್ ಔಟ್. ಸಾಲ್, ಗೆಟ್ ಔಟ್. ಗೆಟ್ ಔಟ್ ನೌ. ಯು ಅಂಡರ್‌ಸ್ಟ್ಯಾಂಡ್?”

ಉಪ್ಪಿಗೂ ಅದೇ ಮಾತು, ಹೊರಗೆ ಬಾ ಎನ್ನುವುದಕ್ಕೂ ಅದೇ ಮಾತು. ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮಗ ಗುಂಡಿ ನೋಡಿದ, ಏಣಿ ನೋಡಿದ. ಬಾಯಿಂದ ರಕ್ತ ಸೋರುತ್ತಿತ್ತು. ಆಗ ನಾನು ಹೋಗಿ ಕಬ್ಬಿಣದ ಸೌಟಿನಿಂದ ಅವನ ತಲೆಗೆ ಒಂದು ಬಿಟ್ಟೆ. ಹತ್ತು ವರ್ಷದವನಿದ್ದಾಗ ಹೊಡೆದದ್ದು ಬಿಟ್ಟರೆ ಅದೇ.

ಮೇಸ್ತ್ರಿಯ ಹಲ್ಲು ಎರಡು ಕೆಸರಿನಲ್ಲಿದ್ದವು. ಎತ್ತಿ ಉಪ್ಪಿನ ಡಬ್ಬಿಗೆ ಹಾಕಿದೆ. ಆಂಬುಲೆನ್ಸಿನ ಹುಡುಗಿ ಡಬ್ಬಿ ತೆರೆದು ನೋಡಿ ತಲೆ ಅಲ್ಲಾಡಿಸಿದಳು. ಹಾಲಿನಲ್ಲಿ ಇಡಬೇಕಿತ್ತಂತೆ. ಆಂಬುಲೆನ್ಸು ಬರುವ ಮೊದಲೇ ಆಳುಗಳೆಲ್ಲ ಹೊರಟುಹೋಗಿದ್ದರು. ಪೊಲೀಸ್ ಗಾಡಿಯ ಸದ್ದು ಕೇಳುವ ಜಾಗದಲ್ಲಿ ಅವರು ನಿಲ್ಲುವುದಿಲ್ಲ, ಕಾಗದಪತ್ರದ ತೊಂದರೆ. ಆಂಬುಲೆನ್ಸಿಗೆ ಫೋನು ಮಾಡಿದಾಗ ಮಗ ಹೇಳಿದ್ದು, ಮೇಸ್ತ್ರಿ ಏಣಿಯಿಂದ ಬಿದ್ದ ಎಂದು. ಮೇಸ್ತ್ರಿ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಕಣ್ಣು ಬಿಟ್ಟುಕೊಂಡು ನನ್ನನ್ನು ನೋಡುತ್ತಿದ್ದ. ನನ್ನ ದುಪಟ್ಟಾ ಅವನ ಬಾಯಿಗೆ ಒತ್ತಿ ಕಳಿಸಿದೆ.

ಸಂಜೆ ಟ್ರಕ್ಕಿನಲ್ಲಿ ಕೂತು ಮಗ ಹೇಳಿದ, “ನಾಳೆ ಬೆಳಿಗ್ಗೆ ಸರ್ಕಾರದ ಸೇಫ್ಟಿಯೋರು ಬರ್ತಾರೆ. ಟ್ರೆಂಚಿಗೆ ಫೈನ್ ಹಾಕ್ತಾರೆ, ಹಾಕ್ಕೊಳ್ಲಿ. ನೀನು, ಅವ್ನು ಏಣಿಯಿಂದ ಬಿದ್ದ ಅನ್ನು, ಸಾಕು.”

“ಅವ್ನು ಎದ್ದು ಹೇಳಿದ್ರೆ?”

“ಅವ್ನು ಬಾಯಿ ಬಿಡಲ್ಲ. ಪೇಪರ್ ಇಲ್ಲ ಅವ್ನಿಗೆ.”

“ಬಿಡೋಕೆ ಬಾಯಿ ಎಲ್ಲಿ ಉಳಿಸಿದ್ದೀಯ?”

“ಅಮ್ಮಾ, ಲೈಸೆನ್ಸ್ ಹೋಗುತ್ತೆ. ಜೈಲಿಗೆ ಹೋಗ್ತೀನಿ. ನಿಂಗೆ ಅದೇ ಬೇಕಾ?”

“ನಿನ್ನ ಜಾಗ ಆ ಗುಂಡಿಯೊಳಗಿತ್ತು. ಜೈಲು ಅದಕ್ಕಿಂತ ವಾಸಿ.”

ಮೂಗಿಗೆ ಒತ್ತಿಕೊಂಡಿದ್ದ ಬಟ್ಟೆ ತೆಗೆದು ಸ್ಟೀರಿಂಗಿಗೆ ಗುದ್ದಿದ. “ಯಾರ್ ಮಗ ನಾನು? ಅವ್ನ ಕಡೆಯೋಳ ಥರ ಮಾತಾಡ್ತೀಯಲ್ಲ.”

ಯಾರ ಮಗ ಎಂದು ಕೇಳಿದ್ದಕ್ಕೆ ಅವನಪ್ಪ ನೆನಪಾದ. ಮೈಸೂರಿನಲ್ಲಿ ನನ್ನ ಗಂಡ ಮೇಸ್ತ್ರಿಯಾಗಿದ್ದಾಗ ಒಂದು ಹಸಿ ಗೋಡೆ ಬಿದ್ದು ನನ್ನ ಪಕ್ಕದಲ್ಲೇ ಬಾಂಡ್ಲಿ ಹೊತ್ತಿದ್ದವಳು ಸತ್ತಳು. ಅವಳ ಕಾಲು ಮಾತ್ರ ಹೊರಗಿತ್ತು. ಬೇಡ ಎಂದವಳನ್ನು ಗೋಡೆಯ ಕೆಳಗೆ ಕಳಿಸಿದವನು ನನ್ನ ಗಂಡ. ಪೊಲೀಸರು ಬಂದಾಗ, ಉಚ್ಚೆ ಹೊಯ್ಯಲು ತಾನಾಗಿ ಆ ಕಡೆ ಹೋದಳು ಎಂದು ಹೇಳಿಸಿದ. ಹೇಳಿದೆ. ನನಗೆ ಆಗ ಅಕ್ಷರ ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತಿದೆ. ಅವಳ ಮಕ್ಕಳಿಗೆ ಏನೂ ಸಿಗಲಿಲ್ಲ. ಗಂಡ ಸಾಯುವವರೆಗೂ ಆಳುಗಳನ್ನು ಹೊಡೆಯುತ್ತಲೇ ಇದ್ದ. ಅದನ್ನು ನೋಡಿಕೊಂಡು ಬೆಳೆದವನು ಈಗ ನನ್ನ ಪಕ್ಕದಲ್ಲಿ ಕೂತು ಸ್ಟೀರಿಂಗಿಗೆ ಗುದ್ದುತ್ತಿದ್ದ.

“ಗಾಡಿ ಬಿಡು,” ಎಂದೆ ಅಷ್ಟೆ.

ಮಾರನೆಯ ಬೆಳಿಗ್ಗೆ ನಮಾಜು ಮುಗಿಸಿ, ಅವನಿಗಿಂತ ಮೊದಲೇ ಟ್ರಕ್ಕು ಹತ್ತಿ ಕೂತೆ. ಸೈಟಿನಲ್ಲಿ ಆಳುಗಳು ಒಬ್ಬರೂ ಇರಲಿಲ್ಲ. ಬಾಡಿಗೆ ಹಲಗೆಗಳು ಮಾತ್ರ ಬಂದು ಬೇಲಿಗೆ ಒರಗಿದ್ದವು. ಸೇಫ್ಟಿಯವನು ಬಂದ, ಹಳದಿ ಅಂಗಿ, ಎತ್ತರದ ಆಳು. ಮಗ ನಾನೇ ಅಮ್ಮನಿಗೆ ಅರ್ಥ ಹೇಳುತ್ತೇನೆ ಎಂದು ಮುಂದೆ ಬಂದ. ಸೇಫ್ಟಿಯವನು ಅವನನ್ನು ದೂರ ನಿಲ್ಲಿಸಿ ಫೋನು ಹಚ್ಚಿ ನನ್ನ ಕೈಗೆ ಕೊಟ್ಟ. ಎಲ್ಲಿಂದಲೋ ಅರ್ಥ ಹೇಳುವ ಒಬ್ಬ ಹೆಂಗಸು ಕನ್ನಡದಲ್ಲಿ ಮಾತಾಡಿದಳು.

“ನಮಸ್ಕಾರ. ತಾವು ಘಟನೆಯನ್ನು ಪ್ರತ್ಯಕ್ಷವಾಗಿ ವೀಕ್ಷಿಸಿದ್ದೀರಾ?”

“ಏನಂದ್ರಿ?”

“ಕಣ್ಣಾರೆ ನೋಡಿದ್ರಾ ಅಂತ ಕೇಳ್ತಿದ್ದಾರೆ, ಅಮ್ಮಾ.”

“ನೋಡ್ದೆ. ಏಣಿಯಿಂದ ಯಾರೂ ಬೀಳ್ಲಿಲ್ಲ. ಹೊರಗೆ ಬಾ ಅಂತ ಕೂಗಿದ್ದಕ್ಕೆ ನನ್ನ ಮಗ ಅವ್ನ ಮುಖಕ್ಕೆ ಹೊಡ್ದ.”

“ಅಮ್ಮಾ, ನಿಮ್ಮ ಮಗ ಅಂದ್ರಾ?”

“ನಾನೇ ಹೆತ್ತಿದ್ದು. ಹೇಳು.”

ಹೇಳಿದಳು. ಆ ಇಂಗ್ಲಿಷಿನಲ್ಲಿ ನನಗೆ ಕೇಳಿಸಿದ್ದು ಫೈಟ್ ಎಂಬ ಮಾತು.

“ಫೈಟ್ ಅಲ್ಲಮ್ಮ. ಅವ್ನು ಕೈಯೇ ಎತ್ತಲಿಲ್ಲ. ಸರಿಯಾಗಿ ಹೇಳು.”

“ಹಾಗಾದ್ರೆ ಯಾವುದರಿಂದ, ಹೇಗೆ ಹೊಡೆದ್ರು ಅಂತ ವಿವರವಾಗಿ ಹೇಳ್ತೀರಾ?”

ಫೋನನ್ನು ಸಿಮೆಂಟಿನ ಚೀಲದ ಮೇಲಿಟ್ಟೆ. ಸಲಿಕೆ ನಿನ್ನೆ ಬಿದ್ದಲ್ಲೇ ಬಿದ್ದಿತ್ತು, ಹಿಡಿಯ ತುದಿಯಲ್ಲಿ ರಕ್ತ ಒಣಗಿ ಕಪ್ಪಾಗಿತ್ತು. ಎತ್ತಿಕೊಂಡು ತಿರುಗಿಸಿ ಹಿಡಿದೆ, ಅವನು ಹಿಡಿದ ಹಾಗೆ. ಬೇಲಿಗೆ ಒರಗಿದ್ದ ಹೊಸ ಹಲಗೆಯಲ್ಲಿ ಮೇಸ್ತ್ರಿಯ ದವಡೆ ಎಲ್ಲಿರುತ್ತಿತ್ತೋ ಆ ಎತ್ತರಕ್ಕೆ ಒಂದು ಬೀಸಿದೆ. ಬಿದ್ದವನ ಭುಜವಿದ್ದ ಹಾಗೆ, ಹಲಗೆಯ ಬುಡಕ್ಕೆ ಇನ್ನೊಂದು. ಮೂರನೆಯದಕ್ಕೆ ತಲೆಯ ಮೇಲೆತ್ತಿ ಹಾಗೇ ನಿಂತೆ, ಸೇಫ್ಟಿಯವನು ಬರೆದು ಮುಗಿಸುವವರೆಗೆ.