ಕುಬಸವಾದ ನಾಯಿಯ ಸೋನೋಗ್ರಾಫಿ

ಗಡಿಯೂರು ಉಮರ್ಗಾದ ನನ್ನ ಪಶು ದವಾಖಾನೆಗೆ ಸೋನೋಗ್ರಾಫಿ ಮಷಿನ್ ತಂದ ಹೊಸದರಲ್ಲಿ ಊರಿಗೆ ಅದೊಂದು ಮೋಜು. ಮನುಷ್ಯರಿಗೇ ಸರದಿ ಸಿಗದ ಕಡೆ ನಾಯಿ ಬೆಕ್ಕುಗಳ ಹೊಟ್ಟೆ ನೋಡಲು ಒಂದು ಡಬ್ಬಿ! 'ಇಲ್ಲಿ ಗರ್ಭಲಿಂಗ ಪರೀಕ್ಷೆ ಮಾಡುವುದಿಲ್ಲ' ಎಂಬ ಫಲಕವನ್ನೂ ಗೋಡೆಗೆ ಹಾಕಿದ್ದೆ. ಯಾವ ನಾಯಿಯೂ ಅದನ್ನು ಓದಿ ತಕರಾರು ತೆಗೆಯಲಿಲ್ಲ.

ಸಾಸ್ತೂರದಿಂದ ಗಂಡ ಹೆಂಡತಿ ತಮ್ಮ ನಾಯಿಯನ್ನು ಕರೆತಂದರು. ತೊಂಬತ್ತಮೂರರ ಭೂಕಂಪದಲ್ಲಿ ಊರು ನೆಲಸಮವಾದ ಮೇಲೆ, ಪಕ್ಕದಲ್ಲಿ ನಾಯಿ ಮಲಗದಿದ್ದರೆ ಆ ಹೆಂಗಸಿಗೆ ನಿದ್ದೆ ಹತ್ತುತ್ತಿರಲಿಲ್ಲ. ನೆಲ ನಡುಗುವುದು ಸರಕಾರಕ್ಕಿಂತ ಮೊದಲು ನಾಯಿಗೆ ತಿಳಿಯುತ್ತದೆ ಎಂದು ಆಕೆಯ ನಂಬಿಕೆ. ನಾನೂ ವಾದ ಮಾಡಲಿಲ್ಲ. ಈಗ ನಾಯಿಯ ಹೊಟ್ಟೆ ಉಬ್ಬಿತ್ತು, ರೊಟ್ಟಿ ಮುಟ್ಟುತ್ತಿರಲಿಲ್ಲ. ಬಸುರಿಯ ಬಯಕೆ ಎಂದುಕೊಂಡು ಕೊರಳಿಗೆ ಹಸಿರು ಬಳೆ ಕಟ್ಟಿ ಸೀಮಂತದ ಕುಬಸವನ್ನೂ ಮಾಡಿ ಮುಗಿಸಿದ್ದರು. ಹೋಳಿಗೆಯನ್ನು ನಾಯಿ ಮೂಸಿಯೂ ನೋಡಲಿಲ್ಲವಂತೆ. ನೆಂಟರು ಅದರ ಪಾಲನ್ನೂ ತಿಂದು ಹೋದರು.

ಹೊಟ್ಟೆಯ ಕೂದಲು ಬೋಳಿಸಿ, ಜೆಲ್ ಹಚ್ಚಿ ನೋಡಿದೆ. ಪರದೆಯ ಮೇಲೆ ಕಪ್ಪು ಉಂಡೆಗಳು ಕಂಡದ್ದೇ ತಡ, ಗಂಡ ಎಣಿಸತೊಡಗಿದ.

"ಅಗ್ದಿ ಬರೊಬ್ಬರಿ! ನಾಕು ಮರಿ ಅವ ನೋಡ್ರಿ. ಒಂದು ಮುರುಮ ಊರಿನ ಬೀಗರಿಗಿ ಕೊಡ್ತೀನಂತ ಕಬೂಲ ಮಾಡೀನಿ."

"ಮರಿ ಅಲ್ರಿ, ಕೀವು. ಪಿಶವಿ ತುಂಬ್ಯಾದ. ಇವತ್ತೇ ತಗೀಬೇಕು, ಇಲ್ಲಾಂದ್ರ ನಾಯಿ ಉಳಿಯಂಗಿಲ್ಲ" ಎಂದೆ. ಗರ್ಭಕೋಶಕ್ಕೆ ನಮ್ಮ ಕಡೆ ಮರಾಠಿಯಲ್ಲಿ ಪಿಶವಿ ಎಂದೇ ಹೇಳುವುದು. ಪಿಶವಿ ಅಂದರೆ ಚೀಲ.

ಗಂಡ ಒಂದು ಗಳಿಗೆಯೂ ಯೋಚಿಸದೆ ಹೆಂಡತಿಯತ್ತ ಕೈ ತೋರಿಸಿದ. "ತಗದು ಬಿಡ್ರಿ. ಇಕಿದೂ ತಗದಾರ. ಕಬ್ಬು ಕಡೀಲಾಕ ಹೋಗೋ ಹೆಣ್ಮಕ್ಕಳದು, ತಿಂಗಳ ತಿಂಗಳ ರಜಾ ಬೀಳಬಾರದಂತ, ಭಾಳ ಮಂದೀದು ತಗೀತಾರ. ಏನಾತು?"

ಹೆಂಡತಿ ನಾಯಿಯ ತಲೆ ಬಿಡಲಿಲ್ಲ. "ಖರೇನೇ ಕೆಟ್ಟದೇನ್ರಿ? ಮೊದ್ಲ ನನಗ ತೋರ್ಸ್ರಿ."

ನನಗೆ ಸಿಟ್ಟು ಬಂತು. ನಾಯಿ ಸಾಯುತ್ತಿರುವಾಗ ಈಕೆಗೆ ಪಾಠ ಬೇಕಂತೆ! ಆದರೂ ಹಲ್ಲು ಕಚ್ಚಿ ತೋರಿಸಿದೆ. ಬಿಳಿ ಗೆರೆ ಪಿಶವಿಯ ಗೋಡೆ, ಒಳಗೆ ಕಪ್ಪಗಿರುವುದು ನೀರು, ಅದರಲ್ಲಿ ಬೂದಿಯಂತೆ ತೇಲುವುದೇ ಕೀವು. ಆಕೆ ಪರದೆಗೆ ಬೆರಳು ತಾಗಿಸಿ ಆ ಗೆರೆಯ ಗುಂಟ ಮೆಲ್ಲಗೆ ಸಾಗಿದಳು. ಆಮೇಲೆ "ತಗೀರಿ" ಎಂದಳು.

ನಾಯಿ ಉಳಿಯಿತು. ಹೊಲಿಗೆ ಬಿಚ್ಚಿಸಲು ಬಂದ ದಿನ ಗಂಡ ಹೊರಗೆ ಬೀಡಿ ಸೇದುತ್ತಿದ್ದ. ಆಕೆ ಮಷಿನ್ ಮುಂದೆ ನಿಂತಳು.

"ಹೊಟ್ಟಿ ನೂಸ್ತದಂತ ದವಾಖಾನಿಗಿ ಹೋಗಿದ್ದೆರಿ ನಾ, ಅಷ್ಟೇ. ನಂದು ತಗ್ಯಾಗ ಹಿಂಗ ಯಾರೂ ತೋರಸಲಿಲ್ಲ. ಕೆಟ್ಟಿತ್ತೋ ಇಲ್ಲೋ ಯಾರಿಗಿ ಗೊತ್ತು? ತಗದದ್ದು ಇದರಾಗ ಕಾಣ್ತದೇನ್ರಿ?"

"ಇಲ್ಲವ್ವಾ" ಎಂದೆ.

"ಹೋಗ್ಲಿ ಬಿಡ್ರಿ" ಎಂದು ಆಕೆ ನಾಯಿಯ ಹಗ್ಗ ಹಿಡಿದಳು. "ಇಕಿದಾದ್ರೂ ನೋಡಿದ್ನಲ್ಲ."