ನಡುವೆ ನಿಲ್ಲಿಸಬಾರದ ಪಾಠ

ನಮ್ಮ ಮನೆಯಲ್ಲಿ ಪ್ರವಚನ ಕೇಳುವುದಕ್ಕೊಂದು ಶಿಸ್ತಿತ್ತು. ಚಾತುರ್ಮಾಸದಲ್ಲಿ ಮುನಿಗಳು ಮಾಲಗಾಂವದ ಬಸದಿಯಲ್ಲಿ ತಂಗಿದಾಗ, ಅವರು ಮಾತು ಮುಗಿಸುವವರೆಗೆ ಯಾರೂ ಏಳುವಂತಿರಲಿಲ್ಲ, ನಡುವೆ ಬಾಯಿ ಹಾಕುವಂತಿರಲಿಲ್ಲ. ನೀರಡಿಕೆಯಾಗಿದೆ ಎಂದು ಮಕ್ಕಳು ಚಡಪಡಿಸಿದರೆ ಹಿರಿಯರು ಕಣ್ಸನ್ನೆಯಲ್ಲೇ ಗದರಿಸುತ್ತಿದ್ದರು. ಕೇಳುವುದೇ ಪುಣ್ಯ ಎಂದು ನಂಬಿ ಬೆಳೆದವಳು ನಾನು. ಆ ನಂಬಿಕೆಯನ್ನು ಹಾಗೆಯೇ ಮೊಬೈಲಿನ ಪಾಠಗಳಿಗೂ ಅನ್ವಯಿಸಿಕೊಂಡೆ.

ನಾನು ನಮ್ಮ ಮನೆತನದ ಮೊದಲ ಪದವೀಧರೆ. ಬಿ.ಎಸ್ಸಿ. ಮುಗಿಸುವ ಹೊತ್ತಿಗೆ ಸಾಂಗಲಿ–ಮಿರಜ ರಸ್ತೆಯ ಇಕ್ಕೆಲದ ಹೊಲಗಳೆಲ್ಲ ಶೋರೂಮು, ಫ್ಲ್ಯಾಟುಗಳಾಗಿದ್ದವು. ಹಳ್ಳಿಯಲ್ಲಿಯೂ ಮೊಬೈಲಿನಲ್ಲಿ ವಿಡಿಯೊ ನೋಡುವಷ್ಟು ಇಂಟರ್ನೆಟ್ ಅಗ್ಗವಾಗಿತ್ತು. ಅರಿಶಿಣ ಪುಡಿಯನ್ನು ಹೊರದೇಶಕ್ಕೆ ಕಳಿಸುವ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವ ಸಹಾಯಕರು ಬೇಕಾಗಿದ್ದರು. ಸಂದರ್ಶನಕ್ಕೆ ಹೋಗುವ ಮೊದಲು ಆ ವಿಷಯದ ಒಂದು ಆನ್‌ಲೈನ್ ಕೋರ್ಸನ್ನು ಮುಗಿಸಿಕೊಳ್ಳಲು ಕಾಲೇಜಿನ ಗುರುಗಳು ಸೂಚಿಸಿದರು. ನನ್ನ ಪದವಿಯಿಂದ ಏನಾದರೂ ಫಲ ಕಂಡರೆ ಮಾತ್ರ ತಂಗಿಯನ್ನು ಕಾಲೇಜಿಗೆ ಕಳಿಸುವುದೆಂದು ಮನೆಯಲ್ಲಿ ಮಾತಾಗಿತ್ತು. ಹಾಗಾಗಿ ಆ ನೌಕರಿ ನನ್ನೊಬ್ಬಳದಾಗಿರಲಿಲ್ಲ.

ಬೆಳಗಿನ ಕೆಲಸ ಮುಗಿಸಿ, ಕೈಕಾಲು ತೊಳೆದು, ಮೊಬೈಲನ್ನು ಗೋಡೆಗೆ ಒರಗಿಸಿ ಅದರೆದುರು ಕುಳಿತುಕೊಳ್ಳುತ್ತಿದ್ದೆ. ಪಾಠ ಇಂಗ್ಲಿಷಿನಲ್ಲಿತ್ತು. ಅರ್ಥವಾಗದಿದ್ದರೂ ನಿಲ್ಲಿಸುತ್ತಿರಲಿಲ್ಲ. ತೆರೆಯ ಮೇಲಿನ ವ್ಯಕ್ತಿಗೆ ನಾನು ಕಾಣುವುದಿಲ್ಲವೆಂದು ಗೊತ್ತಿತ್ತು. ಆದರೂ ಹೇಳುವವರ ಮಾತನ್ನು ಅರ್ಧಕ್ಕೆ ತುಂಡರಿಸಲು ಬೆರಳು ಏಳುತ್ತಿರಲಿಲ್ಲ. ಪ್ರತಿ ಪಾಠದ ಮುಂದೆ ಹಸಿರು ಗುರುತು ಮೂಡಿದಾಗ ತೃಪ್ತಿಯಾಗುತ್ತಿತ್ತು. ಕೊನೆಗೆ ಬರುತ್ತಿದ್ದ ಅಭ್ಯಾಸದ ಪ್ರಶ್ನೆಗಳು ಕಡ್ಡಾಯವಾಗಿರಲಿಲ್ಲವಾದ್ದರಿಂದ ಅವುಗಳನ್ನು ಬಿಟ್ಟೆ.

ಕಾಕಾ ಅಂಗಳದಿಂದಲೇ ಕೂಗುತ್ತಿದ್ದರು: "ಮೊಬೈಲ್ ನೋಡಿ ನೌಕರಿ ಸಿಗತೈತೇನವಾ? ಹಂಗಿದ್ರ ನಮ್ಮ ಎಮ್ಮಿ ಮುಂದೂ ಒಂದ ಇಡೋಣು, ಹಾಲರ ಹೆಚ್ಚ ಕೊಟ್ಟೀತು!"

ಪ್ರಮಾಣಪತ್ರ ಬಂದಿತು. ಸಂದರ್ಶನದಲ್ಲಿ ಅಧಿಕಾರಿಣಿಯೊಬ್ಬರು ಅದನ್ನು ನೋಡಿ, ಮೆಚ್ಚಿ, ನನ್ನನ್ನು ಗೋದಾಮಿಗೆ ಕರೆದೊಯ್ದರು. ಅರಿಶಿಣ ಪುಡಿಯ ಚೀಲಗಳ ಸಾಲಿನ ಮುಂದೆ ನಿಲ್ಲಿಸಿ, ಚೀಲಕ್ಕೆ ಚುಚ್ಚಿ ಪುಡಿ ತೆಗೆಯುವ ಉಕ್ಕಿನ ಕೊಳವೆಯನ್ನು ಕೈಗೆ ಕೊಟ್ಟು, ನಮೂನೆ ತೆಗೆಯಲು ಮರಾಠಿಯಲ್ಲಿ ಹೇಳಿದರು. ನಮೂನೆ ತೆಗೆಯುವ ಪಾಠದ ಚಿತ್ರ ನನ್ನ ಕಣ್ಣ ಮುಂದೆ ಬಂದಿತು. ಅದರ ಅಂಚಿನ ನೀಲಿ ಬಣ್ಣವೂ ನೆನಪಿತ್ತು. ಆದರೆ ಯಾವ ಚೀಲದಿಂದ, ಎಷ್ಟು ಆಳದಿಂದ ತೆಗೆಯಬೇಕೆಂಬುದು ಹೊಳೆಯಲಿಲ್ಲ. ಹತ್ತಿರದ ಚೀಲದ ಬಾಯಿಯಿಂದ ಒಂದಿಷ್ಟು ಪುಡಿ ತೆಗೆದುಕೊಟ್ಟೆ. ಅವರು ಬೈಯಲಿಲ್ಲ. ದೀಪಾವಳಿಯ ನಂತರ ಮತ್ತೊಮ್ಮೆ ಸಂದರ್ಶನವಿದೆ, ಓದಿಕೊಂಡು ಬಾ ಎಂದರು.

ಅಂದು ಸಂಜೆ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ಅಜ್ಜಿಯ ಹೊರಸಿನ ಬಳಿ ಕುಳಿತೆ. ಮೊಣಕಾಲ ನೋವಿನಿಂದ ಅವರು ಬಸದಿಗೆ ಹೋಗುವುದನ್ನು ಬಿಟ್ಟಿದ್ದರು. ಹೀಗಾಗಿ ಪ್ರವಚನಕ್ಕೆ ಹೋದವರು ಮರಳಿ ಬಂದು, ಕೇಳಿದ್ದನ್ನೆಲ್ಲ ಅವರಿಗೆ ಹೇಳುವುದು ಮನೆಯ ರೂಢಿಯಾಗಿತ್ತು.

"ಇಷ್ಟ ದಿನ ಅದರ ಮುಂದ ಕೈಮುಗದ ಕುಂತಿದ್ದಿ," ಎಂದರು ಅಜ್ಜಿ. "ಒಂದ ದಿನಾನೂ ನನಗ ಬಂದ ಹೇಳಲಿಲ್ಲ. ಏನ ಕೇಳಿದಿ?"

"ಅದು ನಿಮಗ ತಿಳಿಯಾಂಗಿಲ್ರಿ ಆಯಿ."

"ನನಗ ತಿಳಿಯಾಂಗಿಲ್ಲೋ, ನಿನಗ ಹೇಳಾಕ ಬರಾಂಗಿಲ್ಲೋ?"

ಹೇಳಲು ಪ್ರಯತ್ನಿಸಿದೆ. ಇಂಗ್ಲಿಷ್ ಪದಗಳನ್ನು ತೆಗೆದುಹಾಕಿದರೆ ಏನೂ ಉಳಿಯುತ್ತಿರಲಿಲ್ಲ. ಮರಾಠಿ ಅವರಿಗೆ ಅಷ್ಟಾಗಿ ಬಾರದು. ಎಲ್ಲ ಚೀಲಗಳ ಗುಣವನ್ನು ಸ್ವಲ್ಪವೇ ಪುಡಿಯಿಂದ ತಿಳಿಯಬೇಕು ಎಂದು ಹೇಗೋ ಹೇಳಿದೆ.

"ಎಲ್ಲಾ ಚೀಲ ಸುರುವಿ ಒಂದ ರಾಶಿ ಮಾಡ್ರಿ, ಕಲಸ್ರಿ, ಒಂದ ಬೊಗಸಿ ತಗೀರಿ. ಆತು! ಇದಕ್ಕ ಮೊಬೈಲ್ ಯಾಕ ಬೇಕ?"

ಅದು ತಪ್ಪೆಂದು ನನಗೆ ಗೊತ್ತಿತ್ತು. ಏಕೆ ತಪ್ಪೆಂದು ಹೇಳಲಾಗಲಿಲ್ಲ. ಮರುದಿನ ಆ ಪಾಠವನ್ನು ಮತ್ತೆ ಹಾಕಿ, ಮೊದಲ ಬಾರಿಗೆ ನಡುವೆ ನಿಲ್ಲಿಸಿದೆ. ಉತ್ತರ ಅಲ್ಲಿ ನೇರವಾಗಿ ಇರಲಿಲ್ಲ. ಸಂಜೆ ಅಜ್ಜಿಗೆ ಹೇಳುತ್ತ ಹೇಳುತ್ತಲೇ ಅದು ನನ್ನ ಬಾಯಿಗೆ ಬಂದಿತು: "ಒಂದ ಚೀಲ ಬೂಷ್ಟ ಹಿಡದಿದ್ರ, ರಾಶಿಗೆ ಕಲಸಿದ ಮ್ಯಾಲ ಅದು ಯಾವ ಚೀಲ ಅಂತ ತಿಳಿಯಾಂಗಿಲ್ರಿ. ಚೊಲೋ ಪುಡಿನೂ ಕೆಡತೈತಿ."

"ಹಾಂ, ಈಗ ತಿಳೀತು," ಎಂದರು ಅವರು.

ನಿಲ್ಲಿಸಬಹುದೆಂದು ತಿಳಿದ ಮೇಲೆ ನಾನು ಮತ್ತೊಂದು ತುದಿಗೆ ಹೋದೆ. ಎರಡು ವಾಕ್ಯಕ್ಕೊಮ್ಮೆ ನಿಲ್ಲಿಸುವುದು, ಬರೆದುಕೊಳ್ಳುವುದು, ಅಜ್ಜಿಯ ಬಳಿಗೆ ಓಡುವುದು. ಪಾಠದ ತಲೆಬುಡ ಸಿಗದಂತಾಯಿತು. ದೀಪಾವಳಿ ಹತ್ತಿರವಾಗುತ್ತಿತ್ತು, ಮೊದಲಿನಿಂದ ಮತ್ತೆ ಹಿಡಿದ ಕೋರ್ಸು ಅರ್ಧವೂ ಆಗಿರಲಿಲ್ಲ. ಅಜ್ಜಿಗೂ ಸಾಕಾಯಿತು.

"ಒಂದ ತುತ್ತ ನುಂಗೂದರಾಗ ಇನ್ನೊಂದ ತುರಕತಿ. ಮುನಿ ಮಹಾರಾಜರು ಮಾತಾಡೂ ಮುಂದ ಯಾರರ ಎದ್ದ ಕೇಳತಾರೇನ? ಮೊದಲ ಸುಮ್ಮನ ಪೂರ್ತಿ ಕೇಳ. ಆಮ್ಯಾಲ ಕೇಳಾಕ, ಹೇಳಾಕ ಹೊತ್ತ ಐತಿ."

ಸ್ವಾಧ್ಯಾಯವೆಂದರೆ ಓದು, ಪ್ರಶ್ನೆ, ಚಿಂತನೆ, ಪುನರಾವರ್ತನೆ, ಬೇರೆಯವರಿಗೆ ಹೇಳುವುದು ಎಂದು ಬಸದಿಯಲ್ಲಿ ಎಷ್ಟೋ ಸಲ ಕೇಳಿದ್ದೆ. ನಮ್ಮ ಶಿಸ್ತಿನ ಒಂದು ಭಾಗವನ್ನಷ್ಟೇ ನಾನು ಮೊಬೈಲಿನ ಮುಂದಕ್ಕೆ ಒಯ್ದಿದ್ದೆನೆಂದು ಆಗ ಅರಿವಾಯಿತು. ಅಂದಿನಿಂದ ಒಂದು ಪಾಠವನ್ನು ಏನನ್ನೂ ಬರೆಯದೆ ಪೂರ್ತಿ ಕೇಳುತ್ತಿದ್ದೆ. ಬಳಿಕ ಮೊಬೈಲನ್ನು ಮಗುಚಿಟ್ಟು, ನೆನಪಿದ್ದಷ್ಟನ್ನು ಹೇಳಿಕೊಂಡು, ಬಿಟ್ಟಿದ್ದ ಪ್ರಶ್ನೆಗಳನ್ನು ಬಿಡಿಸುತ್ತಿದ್ದೆ. ತಪ್ಪಿದ್ದನ್ನು ಮತ್ತೆ ನೋಡುತ್ತಿದ್ದೆ. ಸಂಜೆ ಅಜ್ಜಿಗೆ ಹೇಳುತ್ತಿದ್ದೆ. ಕೇಳುವಾಗಿನ ಮೌನವೂ ವ್ಯರ್ಥವಲ್ಲವೆಂದು ಈ ಸಲ ಗೊತ್ತಾಯಿತು. ಪೂರ್ತಿ ಕೇಳಿದ ದಿನವೇ ಅಜ್ಜಿಗೆ ಹೇಳಲು ಸುಲಭವಾಗುತ್ತಿತ್ತು.

ಎರಡನೆಯ ಸಂದರ್ಶನದಲ್ಲಿ ಅದೇ ಗೋದಾಮು, ಅದೇ ಅಧಿಕಾರಿಣಿ. ಸಾಲಿನ ಬೇರೆ ಬೇರೆ ಕಡೆಯ ಚೀಲಗಳನ್ನು ಆರಿಸಿ, ಮೇಲಿನಿಂದ, ನಡುವಿನಿಂದ, ತಳದಿಂದ ಪುಡಿ ತೆಗೆಯತೊಡಗಿದೆ. ಒಂದು ಚೀಲದ ಮೂಲೆ ತೇವವಾಗಿತ್ತು. ಅದರ ಪುಡಿಯನ್ನು ಉಳಿದದ್ದರೊಂದಿಗೆ ಸೇರಿಸದೆ ಬೇರೆಯಾಗಿಟ್ಟೆ. ಏಕೆಂದು ಅವರು ಕೇಳಿದರು. ಅಜ್ಜಿಗೆ ಹೇಳಿದ್ದನ್ನೇ ಮರಾಠಿಯಲ್ಲಿ ಹೇಳಿದೆ.

ಮಿರಜದಿಂದ ಬಸ್ಸು ಹಿಡಿದು ಮನೆಗೆ ಬಂದು, ಕಾಲು ತೊಳೆದು, ರೂಢಿಯಂತೆ ಅಜ್ಜಿಯ ಮುಂದೆ ಕುಳಿತೆ. ಗೋದಾಮಿನ ಬಾಗಿಲಿನಿಂದಲೇ ಕ್ರಮವಾಗಿ ಆರಂಭಿಸಿದೆ. ತಂಗಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ತೇವದ ಚೀಲದವರೆಗೆ ಬಂದಿದ್ದೆ, ಅಷ್ಟರಲ್ಲಿ ಅಜ್ಜಿ ಕೈ ಎತ್ತಿದರು.

"ನಡುವ ಬಾಯಿ ಹಾಕ್ತೀನಿ, ತಪ್ಪ ತಿಳ್ಕೋಬ್ಯಾಡ. ನೌಕರಿ ಸಿಕ್ಕತೋ ಇಲ್ಲೋ?"

"ಸಿಕ್ಕತ್ರಿ ಆಯಿ. ಸೋಮವಾರದಿಂದ ಬಾ ಅಂದಾರ."

"ಹಂಗಾದ್ರ ಮೊದಲಿಂದ ಹೇಳ," ಎಂದ ಅಜ್ಜಿ, ಹೊರಸಿನ ಮೇಲೆ ಸರಿದು, ತಂಗಿಗೂ ಕುಳಿತುಕೊಳ್ಳಲು ಜಾಗ ಮಾಡಿದರು.